ನೂರು ಹೊರೆ ಮೇವಿನ ಮಿತಿ

ಕಾಡಿನ ಹಾಕಿ ಪಂದ್ಯಾವಳಿಯಲ್ಲಿ ಪ್ರತಿವರ್ಷವೂ ಕೆರೆದಂಡೆಯ ತಂಡವೇ ಗೆಲ್ಲುತ್ತಿತ್ತು. ಹೆಚ್ಚು ಮೇವು ಕೊಟ್ಟು ಒಳ್ಳೆಯ ಆಟಗಾರರನ್ನೆಲ್ಲ ಅದೇ ಸೆಳೆದುಕೊಳ್ಳುತ್ತಿತ್ತು. ಕಲ್ಲುಗುಡ್ಡದ ತಂಡದ ನಾಯಕ ಮುಳ್ಳುಹಂದಿ ದೂರು ಕೊಟ್ಟಿತು. ಪಂದ್ಯಾವಳಿಯ ಅಧ್ಯಕ್ಷ ಕರಡಿ ಬಹಳ ಗಂಭೀರವಾಗಿ ಯೋಚಿಸಿ, ಯಾವ ತಂಡವೂ ತನ್ನ ಆಟಗಾರರಿಗೆ ವರ್ಷಕ್ಕೆ ಒಟ್ಟು ನೂರು ಹೊರೆಗಿಂತ ಹೆಚ್ಚು ಮೇವು ಕೊಡಬಾರದೆಂದು ನಿಯಮ ಮಾಡಿತು.

ಮುಳ್ಳುಹಂದಿ ಹಿಗ್ಗಿನಿಂದ, ಕಾಡಿನಲ್ಲೇ ಅತಿ ವೇಗದ ಆಟಗಾರನಾದ ಚಿಗರೆಯ ಬಳಿಗೆ ಹೋಯಿತು. "ಈಗ ಕೆರೆದಂಡೆಯವರಿಗೂ ನೂರೇ ಹೊರೆ, ನಮಗೂ ನೂರು ಹೊರೆ. ನಿಮಗೆ ಇಪ್ಪತ್ತು ಕೊಡುತ್ತೇವೆ, ಬನ್ನಿ."

"ಕೆರೆದಂಡೆಯವರು ಹತ್ತೇ ಕೊಡುತ್ತಾರೆ," ಎಂದಿತು ಚಿಗರೆ. "ಆದರೆ ಅಲ್ಲಿ ನೀರಿದೆ, ನೆರಳಿದೆ, ಗೆದ್ದು ಅಭ್ಯಾಸವಿದೆ. ನಿಮ್ಮಲ್ಲಿ ಏನಿದೆ?"

ಮುಳ್ಳುಹಂದಿ ತನ್ನ ಬೋಳು ಗುಡ್ಡದ ಕಡೆ ತಿರುಗಿ ನೋಡಿತು. "ಗಾಳಿ ಚೆನ್ನಾಗಿದೆ," ಎಂದಿತು.

ಚಿಗರೆ ಕೆರೆದಂಡೆಗೆ ಹೋಯಿತು. ಅದರ ಹಿಂದೆಯೇ ಉಳಿದ ಚುರುಕಿನವರೂ ಕಡಿಮೆ ಮೇವಿಗೇ ಒಪ್ಪಿ ಅಲ್ಲಿಗೇ ಸೇರಿದರು. ಮೊದಲ ಪಂದ್ಯದಲ್ಲೇ ಕಲ್ಲುಗುಡ್ಡದವರು ಕೆರೆದಂಡೆಯವರೆದುರು ಹನ್ನೊಂದು ಗೋಲುಗಳಿಂದ ಸೋತರು.

ಮುಳ್ಳುಹಂದಿ ಮತ್ತೆ ಕರಡಿಯ ಮುಂದೆ ನಿಂತಿತು. "ಸ್ವಾಮಿ, ನಾವು ಈಗಲೂ ಸೋತೆವು."

"ಸೋತಿರಿ, ನಿಜ," ಎಂದಿತು ಕರಡಿ. "ಆದರೆ ಮೊದಲೆಲ್ಲ ಅವರಿಗಿಂತ ಬಡವರಾಗಿ ಸೋಲುತ್ತಿದ್ದಿರಿ. ಈ ಸಲ ಅವರಿಗೆ ಸರಿಸಮಾನರಾಗಿ ಸೋತಿದ್ದೀರಿ. ಅಭಿನಂದನೆಗಳು."