ರೇಷ್ಮೆ ಚಿಟ್ಟೆಯ ಆಹಾರ

ಶಿಷ್ಯ ಕೇಳಿದ: "ಗುರುಗಳೇ, ಮೊನ್ನೆ ಸಂಜೆ ನಾನು ಮಾಡಿದ ಪಾಠದಲ್ಲಿ 'ಹಗೇವು' ಎಂದರೆ ಹಗೆತನ ಎಂದು ಅರ್ಥ ಹೇಳಿದೆ. ಹೂ ಕಟ್ಟುವ ಅಜ್ಜಿಯೊಬ್ಬರು ಎದ್ದು, ಅಲ್ಲಪ್ಪ, ಅದು ಕಾಳು ತುಂಬಿಡುವ ನೆಲದ ಗುಂಡಿ ಎಂದರು. ಎಲ್ಲರೆದುರು ಅವರ ಬಾಯಿ ಮುಚ್ಚಿಸಿ ಕೂರಿಸಿದೆ. ಆಮೇಲೆ ನಿಘಂಟು ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ. ಇದು ಬೇರೆ ಯಾರಿಗೂ ತಿಳಿಯದು. ಇನ್ನು ಮುಂದೆ ಸರಿಯಾದ ಅರ್ಥ ಹೇಳಿಕೊಂಡು ಹೋದರೆ ಸಾಲದೇ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ರೇಷ್ಮೆ ಹುಳ ಸಾಕುವ ಹೆಂಗಸೊಬ್ಬಳಿದ್ದಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಹುಳದ ತಟ್ಟೆಗೆ ಹಳೆಯ ದಿನಪತ್ರಿಕೆ ಹಾಸುವಾಗ ಪ್ರತಿ ಹಾಳೆಯನ್ನೂ ಓದಿಯೇ ಹಾಸುತ್ತಿದ್ದಳು. ಹಾಗೆ ಓದಿ ಓದಿ ಯಾವ ದೇಶಕ್ಕೆ ಯಾವುದು ರಾಜಧಾನಿ, ಯಾವ ನದಿ ಯಾವ ಕಡಲು ಸೇರುತ್ತದೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳ ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಹುಳಕ್ಕೆ ಹಾಕುವ ಸೊಪ್ಪು ಹೆಚ್ಚುತ್ತ ಕೂತು ಸೊಸೆಯ ಓದು ಕೇಳುವುದು ಅವಳಿಗೆ ಬಲು ಇಷ್ಟ. ನೀನು ಟಿ.ವಿ.ಯ ರಸಪ್ರಶ್ನೆಗೆ ಹೋಗಲೇಬೇಕು ಎಂದು ವರ್ಷವಿಡೀ ಪೀಡಿಸಿದಳು. ಕೊನೆಗೆ ಯಾರದೋ ಕೈಯಲ್ಲಿ ಅರ್ಜಿ ಬರೆಸಿ ತಾನೇ ಹಾಕಿಸಿದಳು. ಕರೆ ಬಂತು.

ಆ ಕಾರ್ಯಕ್ರಮದಲ್ಲಿ ಗೆದ್ದವರ ಊರಿಗೆ ಒಂದು ವಾಚನಾಲಯ ಕಟ್ಟಿಸಿಕೊಡುತ್ತಿದ್ದರು. ನೇರ ಪ್ರಸಾರದ ದಿನ ಊರಿಗೆ ಊರೇ ಟಿ.ವಿ. ಮುಂದೆ ಕೂತಿತ್ತು. ಹೆಂಗಸು ಹನ್ನೊಂದು ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಟ್ಟಳು. ಹನ್ನೆರಡನೆಯದು ಕೊನೆಯದು. ರೇಷ್ಮೆ ಚಿಟ್ಟೆಯ ಆಹಾರ ಯಾವುದು? ಹಿಪ್ಪುನೇರಳೆ ಎಲೆ, ಹರಳೆಲೆ, ಬೇವಿನೆಲೆ, ಆಲದ ಎಲೆ.

ಊರಿನವರು ಗೆದ್ದೆವೆಂದು ಚಪ್ಪಾಳೆ ತಟ್ಟಿದರು. ಆದರೆ ಅವಳು ನಾಲ್ಕರಲ್ಲಿ ಯಾವುದನ್ನೂ ಆರಿಸಲಿಲ್ಲ. ಮುಂದಿನ ಬೆಳೆಯ ಮೊಟ್ಟೆಗೆಂದು ಪ್ರತಿ ಬೆಳೆಯಲ್ಲೂ ಒಂದಿಷ್ಟು ಗೂಡು ಎತ್ತಿಡುತ್ತಿದ್ದವಳು ಅವಳು. ಅವುಗಳಿಂದ ಹೊರಬಂದ ಚಿಟ್ಟೆಗಳನ್ನು ಇಪ್ಪತ್ತು ವರ್ಷ ಕಣ್ಣಾರೆ ಕಂಡಿದ್ದಳು.

"ಎಲೆ ತಿನ್ನುವುದು ಹುಳ. ನೀವು ಕೇಳಿದ್ದು ಚಿಟ್ಟೆಯ ಬಗ್ಗೆ. ಚಿಟ್ಟೆ ಏನನ್ನೂ ತಿನ್ನುವುದಿಲ್ಲ. ಮೊಟ್ಟೆಯಿಟ್ಟು ನಾಲ್ಕಾರು ದಿನಕ್ಕೆ ಸಾಯುತ್ತದೆ," ಎಂದಳು.

ಕಾರ್ಯಕ್ರಮ ನಡೆಸಿಕೊಡುವವನು ಒಳ್ಳೆಯವನೇ. ತನ್ನ ಕೈಯ ಚೀಟಿ ನೋಡಿ, ನಾಲ್ಕರಲ್ಲಿ ಒಂದನ್ನು ಆರಿಸಮ್ಮ ಎಂದು ಎರಡು ಸಲ ಹೇಳಿದ. ಹಿಪ್ಪುನೇರಳೆ ಎಂದರೆ ಅವನು ಒಪ್ಪುತ್ತಾನೆಂದು ಅವಳಿಗೆ ಗೊತ್ತಿತ್ತು. ಹಾಗೆನ್ನಲು ಬಾಯಿ ಬರಲಿಲ್ಲ. ಸಮಯ ಮುಗಿಯಿತು. ಅವಳು ಸೋತಳೆಂದು ಸಾರಿದರು.

ಊರಿಗೆ ಬಂದರೆ ಎಲ್ಲರ ಬಾಯಲ್ಲೂ ಅದೇ ಮಾತು. ಇಪ್ಪತ್ತು ವರ್ಷ ಸೊಪ್ಪು ಹಾಕಿದವಳಿಗೆ ಸೊಪ್ಪಿನ ಹೆಸರು ಮರೆತುಹೋಯಿತಂತೆ ಎಂದು ನಕ್ಕರು. ಇಬ್ಬರು ಮೂವರಿಗೆ ಬಿಡಿಸಿ ಹೇಳಿ ನೋಡಿದಳು. ಟಿ.ವಿ.ಯವರಿಗಿಂತ ನೀನು ಹೆಚ್ಚು ಬಲ್ಲೆಯಾ ಎಂದರು. ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ಪತ್ರಿಕೆಯ ಹಾಳೆಗಳನ್ನು ಓದದೆ ಹಾಸತೊಡಗಿದಳು. ಅತ್ತೆ ಅದನ್ನು ನೋಡಿದಳು. ಅಂದಿನಿಂದ ಸೊಸೆಯನ್ನು ನೋಡಿ ನಕ್ಕವರ ಮನೆಯ ಮಜ್ಜಿಗೆಯನ್ನೂ ಮುಟ್ಟುತ್ತಿರಲಿಲ್ಲ.

ಆ ಪ್ರಶ್ನೆ ಬರೆದವರು ನಿವೃತ್ತರಾದ ಒಬ್ಬ ವಿಜ್ಞಾನದ ಮೇಷ್ಟ್ರು. ಅವರೂ ಕಾರ್ಯಕ್ರಮ ನೋಡಿದ್ದರು. ಆ ಹೆಣ್ಣುಮಗಳು ಕಂಡವಳ ಹಾಗೆ ಮಾತಾಡಿದಳು, ಒಮ್ಮೆ ಪುಸ್ತಕ ತೆಗೆದು ನೋಡಿಬಿಡಿ ಎಂದು ಅವರ ಹೆಂಡತಿ ಬಿಡದೆ ಹೇಳಿದಳು. ನೋಡಿದರು. ಹೆಂಗಸು ಹೇಳಿದ್ದೇ ಸರಿ. ಹುಳ ಎಂದು ಬರೆಯಬೇಕಾದಲ್ಲಿ ಇವರು ಚಿಟ್ಟೆ ಎಂದು ಬರೆದಿದ್ದರು.

ಮೇಷ್ಟ್ರು ಟಿ.ವಿ.ಯವರಿಗೆ ಫೋನು ಮಾಡಿದರು. ಯಾರೂ ದೂರು ಕೊಟ್ಟಿಲ್ಲ, ಇದು ನಮ್ಮ ನಿಮ್ಮಲ್ಲೇ ಇರಲಿ ಎಂದು ಅವರು ಸಮಾಧಾನ ಮಾಡಿದರು. ಮರುದಿನ ಬೆಳಗ್ಗೆ ಮೇಷ್ಟ್ರು ಎರಡು ಬಸ್ಸು ಬದಲಿಸಿ ಆ ಊರಿಗೆ ಹೋದರು.

ಅತ್ತೆ ಸೊಸೆ ಇಬ್ಬರೂ ಜಗಲಿಯ ಮೇಲೆ ಸೊಪ್ಪು ಹೆಚ್ಚುತ್ತಿದ್ದರು. ಮೇಷ್ಟ್ರು ತಾವು ಯಾರೆಂದು ಹೇಳಿದರು. ಇವರೂ ನಗಲು ಬಂದರೇ ಎಂದುಕೊಂಡು ಸೊಸೆ ತಲೆ ಎತ್ತಲಿಲ್ಲ. ಮೇಷ್ಟ್ರು ಕೂರಲಿಲ್ಲ. ಈಕೆಯನ್ನು ನೋಡಿ ನಕ್ಕವರನ್ನೆಲ್ಲ ಸ್ವಲ್ಪ ಕರೆಸಿ ಎಂದು ಅತ್ತೆಯನ್ನು ಕೇಳಿಕೊಂಡರು. ಅತ್ತೆ ಬೀದಿಗಿಳಿದು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ಕರೆದಳು. ಅಂಗಳ ತುಂಬಿತು.

"ಪ್ರಶ್ನೆ ಬರೆದವನು ನಾನು. ತಪ್ಪು ನನ್ನದು. ಈ ತಾಯಿ ಹೇಳಿದ್ದು ಸರಿಯಾಗಿತ್ತು. ನನ್ನಿಂದ ಇವರಿಗೆ ಅವಮಾನವಾಯಿತು, ನಿಮ್ಮ ಊರಿಗೆ ನಷ್ಟವಾಯಿತು," ಎಂದು ಮೇಷ್ಟ್ರು ಕೈಮುಗಿದರು.

ಹೆಂಗಸು ಹೆಚ್ಚುತ್ತಿದ್ದ ಸೊಪ್ಪನ್ನು ಕೆಳಗಿಟ್ಟಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: "ಮೇಷ್ಟ್ರೇ, ಮೊದಲಿನ ಹನ್ನೊಂದು ಪ್ರಶ್ನೆ ಬಹಳ ಚೆನ್ನಾಗಿದ್ದವು."

ಮೊದಲು ನಕ್ಕವರು ಮೇಷ್ಟ್ರು. ಅತ್ತೆ ಅವರ ತೋಳು ಹಿಡಿದು ಒಳಗೆ ಕರೆದೊಯ್ದು ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಊಟವಾದ ಮೇಲೆ ಸೊಸೆ ಆ ದಿನವೇ ಗೂಡೊಡೆದ ಒಂದು ಚಿಟ್ಟೆಯನ್ನು ತಂದು ಅವರ ಅಂಗೈ ಮೇಲೆ ಬಿಟ್ಟಳು. ಮೂವತ್ತೆರಡು ವರ್ಷ ಮಕ್ಕಳಿಂದ ಅದರ ಚಿತ್ರ ಬರೆಸಿದ್ದ ಮೇಷ್ಟ್ರು ಅದನ್ನು ಜೀವಂತ ಕಂಡದ್ದು ಅಂದೇ ಮೊದಲು. ಕೈ ಅಲುಗಿಸದೆ ನೋಡುತ್ತ ಕೂತಿದ್ದರು. ಕೊನೆಯ ಬಸ್ಸು ತಪ್ಪೀತೆಂದು ಅತ್ತೆಯೇ ಎಬ್ಬಿಸಬೇಕಾಯಿತು.

ಟಿ.ವಿ.ಯವರು ಅವಳನ್ನು ಮತ್ತೊಮ್ಮೆ ಕರೆಸುವವರೆಗೆ ಪ್ರಶ್ನೆ ಬರೆಯುವುದಿಲ್ಲವೆಂದು ಮೇಷ್ಟ್ರು ಹಟ ಹಿಡಿದರು. ಕರೆಸಿದರು. ಈ ಬಾರಿ ನಾಲ್ಕನೆಯ ಪ್ರಶ್ನೆಗೇ ಅವಳಿಗೆ ಉತ್ತರ ತಿಳಿಯಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಎದ್ದು ಬಂದಳು. ಈ ಸಲ ನ್ಯಾಯವಾಗಿ ಸೋತೆ ಅತ್ತೆ ಎಂದು ನಗುತ್ತ ಹೇಳಿ ಹುಳಕ್ಕೆ ಸೊಪ್ಪು ಹಾಕಲು ಹೋದಳು. ವಾಚನಾಲಯ ಬರಲಿಲ್ಲ. ಆದರೆ ಪ್ರಾಣಿ, ಪಕ್ಷಿ, ಬೆಳೆಗಳ ಮೇಲೆ ಪ್ರಶ್ನೆ ಬರೆದಾಗಲೆಲ್ಲ ಮೇಷ್ಟ್ರು ಅದನ್ನು ಮೊದಲು ಅವಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಜೊತೆಗೆ ಒಂದೆರಡು ಪುಸ್ತಕವೂ ಇರುತ್ತಿತ್ತು. ಅವಳು ಪ್ರಶ್ನೆಗಳನ್ನು ತಿದ್ದಿ ವಾಪಸು ಕಳಿಸುತ್ತಿದ್ದಳು. ಪುಸ್ತಕಗಳು ಅವಳ ಜಗಲಿಯಲ್ಲೇ ಉಳಿದವು. ಊರಿನವರು ಬಂದು ಓದುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹೇಗೂ ಅಂಚೆ ಇತ್ತಲ್ಲ ಗುರುಗಳೇ, ಮೇಷ್ಟ್ರು ಮೊದಲೇ ಅವಳಿಗೊಂದು ಪತ್ರ ಬರೆದಿದ್ದರೆ ಸಾಲದಿತ್ತೇ?" ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು: "ಮಗು, ನೀನು ಆ ಅಜ್ಜಿಯ ಬಾಯಿ ಮುಚ್ಚಿಸಿದ್ದು ಪತ್ರ ಬರೆದೇ?"