ಜಪಾನಿ ಸಿನಿಮಾಕ್ಕೆ ಅರಸರ ಕನ್ನಡ

ಮೈಸೂರಿನ ನಜರ್‌ಬಾದಿನಲ್ಲಿ ಪುಟ್ಟಮ್ಮಣ್ಣಿ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಕಾಂತು. ವಯಸ್ಸು ಮೂವತ್ತು, ಮೈಕಟ್ಟು ಪೈಲ್ವಾನನದು, ಬುದ್ಧಿ ಮಾತ್ರ ಇನ್ನೂ ಅಂಬೆಗಾಲಿನಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು, ಬೈಸಿಕೊಳ್ಳುವುದು, ಮತ್ತೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು. ಆ ಪಾಡು ಇಂಥವನನ್ನು ಸಾಕಿದವರಿಗೇ ಗೊತ್ತು.

ಅವಳ ಗಂಡ ಗೋಪಾಲರಾಜೇ ಅರಸರಿಗೆ ಪರದೇಶದ ಹಳೇ ಸಿನಿಮಾಗಳ ಹುಚ್ಚು. ಜಪಾನಿನದು, ಇಟಲಿಯದು, ರಷ್ಯಾದ್ದು ಅಂತ ಅರವತ್ತು ವಿಡಿಯೊ ಕ್ಯಾಸೆಟ್ಟು ಕೂಡಿಹಾಕಿದ್ದರು. ಹೆಂಡತಿಗೆ ಆ ಭಾಷೆಗಳೂ ಬಾರವು, ಕೆಳಗೆ ಅಕ್ಷರದಲ್ಲಿ ಬರುವ ಇಂಗ್ಲಿಷೂ ಬಾರದು. ಅದಕ್ಕೆ ಪಕ್ಕದಲ್ಲಿ ಕೂತು, "ಅಮ್ಮಣ್ಣಿ" ಅಂತ ಕರೆದು, ಎಲ್ಲರ ಮಾತನ್ನೂ ತಾವೇ ಕನ್ನಡದಲ್ಲಿ ಹೇಳುತ್ತಿದ್ದರು. ಚಾಮರಾಜನಗರಕ್ಕೆ ವರ್ಗವಾದ ವರ್ಷ, ಇವಳೊಬ್ಬಳೇ ಕೂತು ಏನು ನೋಡುತ್ತಾಳೆ ಅಂತ, ಒಂದು ಜಪಾನಿ ಸಿನಿಮಾದ ಮಾತನ್ನೆಲ್ಲ ಅಳಿಸಿ ಅದರ ಮೇಲೆ ತಮ್ಮ ದನಿ ತುಂಬಿಟ್ಟು ಹೋದರು. ಈಗ ಅರಸರಿಲ್ಲ. ಅವರ ದನಿ ಉಳಿದಿರುವುದು ಆ ಒಂದು ಕ್ಯಾಸೆಟ್ಟಿನಲ್ಲಿ. ಅದನ್ನು ಕೇಳಿಕೊಂಡೇ ಪುಟ್ಟಮ್ಮಣ್ಣಿ ಜೀವ ಹಿಡಿದಿದ್ದಳು.

ಅರಸರು ಹೋದ ಮೇಲೆ ಒಂದು ವರ್ಷ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಮಂಡಿನೋವಿನವಳು ಅವನ್ನು ಒಣಹಾಕಲು ಮಹಡಿ ಹತ್ತುವುದುಂಟೇ?

"ಮಗಾ, ಹಪ್ಪಳ ಒಣಗಿಸೋ ಹಾಗೆ ಬಿಸಿಲಿಗಿಡು."

ಕಾಂತು ಇಪ್ಪತ್ತು ಕ್ಯಾಸೆಟ್ಟನ್ನು ಏಪ್ರಿಲ್ ಬಿಸಿಲಿಗೆ ಸಂಜೆತನಕ ಹರಡಿದ. ಕಾಗೆ ಓಡಿಸುತ್ತಾ ಕೂತ. ಮಗ್ಗುಲು ಬದಲಿಸಿದ. ಇಪ್ಪತ್ತೂ ಸೊಟ್ಟಗಾದವು.

"ಅಯ್ಯೋ ನನ್ನ ಕರ್ಮವೇ, ಅವು ತಣ್ಣಗಿರಬೇಕು ಕಣೋ."

ಸರಿ, ತಣ್ಣಗಿರಬೇಕು. ಮಾರನೇ ದಿನ ಇನ್ನಿಪ್ಪತ್ತನ್ನು ಬಚ್ಚಲ ತೊಟ್ಟಿಯಲ್ಲಿ ಮುಳುಗಿಸಿ ಮೇಲೆ ಚಪ್ಪಡಿ ಹೇರಿದ.

"ಒಣಬಟ್ಟೇಲಿ ಒರೆಸಿ ಇಡೋದು ಬಿಟ್ಟು ಇದೇನೋ ಮಾಡಿದೆ?"

ಸರಿ, ಒರೆಸಬೇಕು. ಉಳಿದ ಕ್ಯಾಸೆಟ್ಟುಗಳನ್ನು ಬಿಚ್ಚಿ, ರೀಲನ್ನೆಲ್ಲ ಹೊರಗೆಳೆದು, ಇಂಚಿಂಚೂ ಒರೆಸಿದ. ಹಜಾರ ತುಂಬಿತು, ಜಗುಲಿ ತುಂಬಿತು, ಪಕ್ಕದವರ ದಾಸವಾಳದ ಬೇಲಿಗೆಲ್ಲ ಇಟಲಿ, ರಷ್ಯಾ ಸುತ್ತಿಕೊಂಡವು. ಉಳಿದದ್ದು ವಿಸಿಆರ್ ಒಳಗಿದ್ದ ಒಂದೇ, ಅರಸರ ದನಿಯದು. ಪುಟ್ಟಮ್ಮಣ್ಣಿ ಹೆದರಿಹೋದಳು.

"ನೋಡು ಕಾಂತು, ನನ್ನಾಣೆ. ಇದನ್ನ ಮಾತ್ರ, ಏನೇ ಆದ್ರೂ ಸರಿ, ಕೈಯಲ್ಲಿ ಮುಟ್ಟಬೇಡ."

"ಮುಟ್ಟಲ್ಲಮ್ಮ."

ಒಂದು ಮಧ್ಯಾಹ್ನ ಕ್ಯಾಸೆಟ್ಟು ಓಡುತ್ತಿರುವಾಗಲೇ ಅವಳು ಸಾರಿಗೆ ಒಗ್ಗರಣೆ ಕೊಡಲು ಎದ್ದಳು. ಕಿವಿಯೆಲ್ಲ ಹಜಾರದಲ್ಲೇ ಇತ್ತು. ಅರಸರ ದನಿ ಗೊಗ್ಗರಾಯಿತು, ಎಳೆಯಿತು, ನಿಂತೇ ಹೋಯಿತು. ಕುಂಟುತ್ತಾ ಓಡಿಬಂದರೆ ವಿಸಿಆರ್ ರೀಲನ್ನು ಕರಕರ ಅಗಿಯುತ್ತಿದೆ. ಕಾಂತು ಎದುರಿಗೇ ಕೈಕಟ್ಟಿಕೊಂಡು ನಿಂತಿದ್ದಾನೆ, ಕಣ್ಣಲ್ಲಿ ನೀರು ಸುರಿಯುತ್ತಿದೆ.

"ಗುಂಡಿ ಒತ್ತಿ ನಿಲ್ಲಿಸಬಾರದಿತ್ತೇನೋ?"

"ಏನೇ ಆದ್ರೂ ಮುಟ್ಟಬೇಡ ಅಂದಿದ್ದೆಯಲ್ಲಮ್ಮ."

ಎಳೆದರೆ ರೀಲು ಚೂರುಚೂರಾಗಿ ಬಂತು. ಪುಟ್ಟಮ್ಮಣ್ಣಿ ನೆಲದ ಮೇಲೆ ಕುಸಿದಳು. ಗಂಡ ಹೋದ ದಿನವೂ ಅವಳು ಹೀಗೆ ಅತ್ತಿರಲಿಲ್ಲ.

"ನಿಮ್ಮಪ್ಪ ಇವತ್ತು ಸತ್ತರು ಕಣೋ. ಇನ್ನು ನಂಗ್ಯಾರು ಕತೆ ಹೇಳ್ತಾರೆ? ಹೇಳು."

ಹೇಳು ಅಂದಳಲ್ಲ, ಕಾಂತು ಅವಳ ಪಕ್ಕ ಕೂತು ಹೇಳಿದ.

"ಅಮ್ಮಣ್ಣಿ, ಇದು ಸಮುದ್ರದ ದಂಡೆ. ಇವಳ ಗಂಡ ಮೀನಿಗೆ ಹೋಗಿದ್ದಾನೆ." ಕ್ಯಾಸೆಟ್ಟಿನಲ್ಲಿ ಈ ಮಾತಿಗೆ ಅರಸರು ಕೆಮ್ಮಿದ್ದರು, ಇವನೂ ಕೆಮ್ಮಿದ. "ತಡಿ, ನೀರು ಕುಡಿದು ಬರ್ತೀನಿ," ಅಂದು ಎದ್ದು ಹೋಗಿ ನೀರು ಕುಡಿದು ಬಂದ. ಒಂದಕ್ಷರ ತಪ್ಪದೆ, ಅದೇ ರಾಗದಲ್ಲಿ ಹೇಳುತ್ತಾ ಹೋದ. ಪುಟ್ಟಮ್ಮಣ್ಣಿ ಸೆರಗಲ್ಲಿ ಕಣ್ಣೊರೆಸಿಕೊಂಡು ಹತ್ತಿರ ಸರಿದಳು.

"ಅಳಬೇಡ ಅಮ್ಮಣ್ಣಿ. ಅವನು ಬಂದೇ ಬರ್ತಾನೆ," ಅಂದು ಕಾಂತು ಅಲ್ಲಿಗೇ ನಿಲ್ಲಿಸಿದ.

"ಯಾವಾಗ ಬರ್ತಾನೆ?"

"ಗೊತ್ತಿಲ್ಲಮ್ಮ. ಸಿನಿಮಾದಲ್ಲಿ ಅವಳು ಅಳೋಕೆ ಶುರು ಮಾಡಿದ್ರೆ ನೀನೂ ಅತ್ತು, ದಿನಾ ಅಲ್ಲಿಗೇ ನಿಲ್ಲಿಸ್ತಿದ್ದೆ. ಆದ್ರೆ ಅಪ್ಪ ಹೇಳಿದಾರಲ್ಲ, ಬರ್ತಾನೆ ಅಂತ."

ಅವಳು ಬೈಯಲಿಲ್ಲ. ಹೀಗೆ ಮಾಡು, ಹಾಗೆ ಮಾಡು ಅಂತಲೂ ಹೇಳಲಿಲ್ಲ. ಕಾಂತು ತಾನಾಗಿಯೇ ಹೊರಗೆ ಹೋಗಿ, ಬರುವವನಿಗೆ ಅಂತ ಗೇಟನ್ನು ಪೂರ್ತಿ ತೆರೆದು, ಬೀದಿ ನೋಡುತ್ತಾ ನಿಂತ. ಪುಟ್ಟಮ್ಮಣ್ಣಿ ಅವನನ್ನು ಒಳಗೆ ಕರೆಯಲಿಲ್ಲ.