ಆಯುಧಪೂಜೆಯ ಮರುದಿನ ಮುನಿದ ಯಂತ್ರ

ಆಯುಧಪೂಜೆಯ ಮರುದಿನ ನಮ್ಮೂರ ಕ್ಲಬ್ಬಿನ ಮಾಲಿ ದ್ಯಾವಣ್ಣ ಕೈಮುಗಿದು ಹುಲ್ಲು ಕತ್ತರಿಸುವ ಯಂತ್ರವನ್ನೇರಿ ಕೂತ. ಎಂಜಿನ್ ಗುಡುಗಿತು, ಚಕ್ರ ಮಾತ್ರ ಅಲುಗಲಿಲ್ಲ.

ಕಾರ್ಯದರ್ಶಿ ಪಟ್ಟಾಭಿರಾಯರು ಧಾವಿಸಿ ಬಂದರು. “ಎಣ್ಣೆಯ ಬಲದಿಂದ ಚಕ್ರ ತಿರುಗಿಸೋ ಹೈಡ್ರಾಲಿಕ್ ಪಂಪು ಕೆಡಿಸಿದೆಯಲ್ಲೋ. ಸಂಜೆಗೆ ಗಂಟುಮೂಟೆ ಕಟ್ಟು.”

“ಆಗಲಿ ಸ್ವಾಮಿ. ಇದನ್ನು ನಿಲ್ಲಿಸಿದವನು ಯಾರೇ ಆಗಲಿ, ಇವತ್ತೇ ಕ್ಲಬ್ ಬಿಡತಕ್ಕದ್ದು ಅಂತ ಬರೆದುಕೊಡಿ. ನಾಳೆ ಮಾತು ಬದಲಾಗಬಾರದು.”

ರಾಯರು ಅಲ್ಲೇ ಬರೆದು, ಜೇಬಿನಿಂದ ಮೊಹರು ತೆಗೆದು ಒತ್ತಿಯೂ ಕೊಟ್ಟರು.

ದ್ಯಾವಣ್ಣ ಕಾಗದವನ್ನು ಕಣ್ಣಿಗೊತ್ತಿಕೊಂಡ. ಎಣ್ಣೆ ನೋಡಿದ, ತುಂಬಿತ್ತು. ಬೆಲ್ಟ್ ಮುಟ್ಟಿದ, ಬಿಗಿಯಾಗಿತ್ತು. ಆಮೇಲೆ ಹಿಂಬದಿಯ ಸಣ್ಣ ಹಿಡಿಯೊಂದನ್ನು ತೋರಿಸಿದ.

“ಇದನ್ನು ಎಳೆದರೆ ಎಣ್ಣೆಯ ಬಲ ಚಕ್ರಕ್ಕೆ ಹೋಗೋದಿಲ್ಲ ಸ್ವಾಮಿ. ಗಾಡಿಯನ್ನು ಕೈಯಲ್ಲಿ ತಳ್ಳುವಾಗ ಮಾತ್ರ ಎಳೆಯೋದು. ಪೂಜೆಗೆ ಮೊದಲು ಎಂಜಿನ್ ಶುರು ಮಾಡೋದು ಅಪಚಾರ ಅಂತ, ನಿನ್ನೆ ಇದನ್ನು ಎಳೆದು, ಫೋಟೋದವನ ಮುಂದೆ ಗಾಡಿ ತಳ್ಳಿಕೊಂಡು ಬಂದ ಪುಣ್ಯಾತ್ಮರು ಯಾರು?”

ರಾಯರ ಹಣೆಯ ಕುಂಕುಮ ಬೆವರಿನೊಡನೆ ಮೂಗಿಗಿಳಿಯಿತು.

ದ್ಯಾವಣ್ಣ ಹಿಡಿಯನ್ನು ಒಳಕ್ಕೆ ತಳ್ಳಿ, ಮತ್ತೆ ಏರಿ ಕೂತ. ಯಂತ್ರ ಸಾಧು ಹಸುವಿನಂತೆ ಮುಂದಕ್ಕೆ ಹೊರಟಿತು.

“ಆ ಕಾಗದ ಸ್ವಲ್ಪ ಕೊಡಪ್ಪ,” ಎಂದರು ರಾಯರು. ಇಸಿದುಕೊಂಡು, ಯಂತ್ರದ ಎದುರಿನ ಹುಲ್ಲಿನ ಮೇಲೆ ಮೆಲ್ಲಗೆ ಹಾಸಿದರು.

“ದ್ಯಾವಣ್ಣನವರೇ, ಇವತ್ತು ಇಲ್ಲಿಂದಲೇ ಶುರು ಮಾಡಿ.”